ಮೇಲಿನ ಮನೆಗೆ ಮೀಸಲು

ಸೆಲಿನ್ ಟೀಚರ್ ಮನೆಯಲ್ಲಿ ಕೇಕು ಅಂದರೆ ರಮ್ಮಿನಲ್ಲಿ ನೆಂದ ದ್ರಾಕ್ಷಿ, ಎಂಟು ಮೊಟ್ಟೆ. ಮೇಲಿನ ಮನೆಗೆ ಬಾಡಿಗೆಗೆ ಬಂದವರೋ ಮಡಿವಂತರು. ಅವರಿಗೆಂದೇ ಟೀಚರ್ ಹೊಸ ಪಾತ್ರೆ, ಹೊಸ ಚಾಕು ತಂದರು. ದ್ರಾಕ್ಷಿ, ಖರ್ಜೂರವನ್ನು ಟೀ ಡಿಕಾಕ್ಷನ್ನಿನಲ್ಲಿ ನೆನೆಹಾಕಿ, ಮೊಟ್ಟೆಯ ಬದಲು ಮೊಸರು ಹಾಕಿ, ಚಕ್ಕೆ ಲವಂಗ ಬೆರೆಸಿ ಬೇಯಿಸಿದರು. ಮೂರು ಸಲ ಕಲ್ಲಾಯಿತು. ನಾಲ್ಕನೆಯದು ಉಬ್ಬಿತು.

"ದೇವರಾಣೆಗೂ ಮೊಟ್ಟೆ ಸೋಕಿಸಿಲ್ಲ," ಎಂದು ಕೊಟ್ಟು ಬಂದರು.

ಖಾಲಿ ಡಬ್ಬಿ ಕೊಡಬಾರದಲ್ಲ, ಮಾರನೇ ದಿನ ಒಂದು ಹಿಡಿ ಸಕ್ಕರೆಯೊಂದಿಗೆ ವಾಪಸು ಬಂತು.

"ಏನು ಘಮ ಟೀಚರ್! ಒಂದು ಚೂರೂ ಉಳೀಲಿಲ್ಲ ನೋಡಿ," ಎಂದರು ಮೇಲಿನ ಮನೆಯಾಕೆ.

ಅಂದಿನಿಂದ ತಿಂಗಳಿಗೊಂದು ಕೇಕು ಮೇಲೆ ಹೋಯಿತು.

"ನಮಗೂ ಇದೇ ಉಪವಾಸದ ಕೇಕಾ?" ಎಂದು ಗಂಡ ಗೊಣಗಿದ.

"ಸುಮ್ಮನಿರಿ. ನಮ್ಮ ಕೈಯಡುಗೆ ಅವರು ತಿಂತಾರಲ್ಲ, ಅದು ದೊಡ್ಡದು."

ಒಂದು ಮಧ್ಯಾಹ್ನ, ಮೇಲಿನ ಮನೆ ಪಾತ್ರೆ ತೊಳೆಯುವ ಚೌಡಮ್ಮ ಮೆಟ್ಟಿಲಿಳಿದು ಬಂದವಳು ಟೀಚರ್ ಬಾಗಿಲಲ್ಲಿ ಸಂಕೋಚದಿಂದ ನಿಂತಳು.

"ಟೀಚರಮ್ಮಾ, ಅಮ್ಮೋರು ಪ್ರತಿ ಸಲ ನಿಮ್ಮ ಕೇಕು ಇಡೀದಾಗಿ ನಮಗೇ ಕೊಡೋದು, ನನ್ನ ಮಕ್ಕಳು ಎಲ್ಲಾ ತಿಂತಾರೆ, ಮುಂದಿನ ಸಲ ಮೊಟ್ಟೆ ಹಾಕೇ ಮಾಡಿ."