ಬಂದರಿಗೆ ಹೋಗುವ ರೈಲು

ಎರಡನೆಯ ರೈಲೂ ಸೊಸೆಯನ್ನು ಪ್ಲಾಟ್‌ಫಾರ್ಮಿನಲ್ಲೇ ಬಿಟ್ಟು ಹೊರಟುಹೋಯಿತು. ಹಿಂದೆ ನಿಂತು ನೋಡುತ್ತಿದ್ದ ಅತ್ತೆ ಹಣೆ ಚಚ್ಚಿಕೊಂಡಳು.

“ಅಲ್ಲ ಕಣೇ, ಬಾಗಿಲ ತನಕ ಹೋಗಿ ಎಲ್ಲರಿಗೂ ದಾರಿ ಬಿಟ್ಟು ನಿಂತ್ಯಲ್ಲ! ನೆಂಟರನ್ನ ಒಳಗೆ ಕರೆಯೋಕೆ ನಿಲ್ಸಿದಾರಾ ನಿನ್ನ?”

“ಒಬ್ರು ವಯಸ್ಸಾದವರು ಇದ್ರು ಅತ್ತೆ…”

“ಆ ವಯಸ್ಸಾದವರೇ ನಿನ್ನ ಕಾಲು ತುಳಿದು ಹತ್ತಿ ಕಿಟಕಿ ಸೀಟು ಹಿಡಿದ್ರು. ನಾನೇನು ಕುರುಡೀನಾ?”

ಸೊಸೆ ಈ ಊರಿಗೆ ಬಂದು ತಿಂಗಳೂ ಆಗಿರಲಿಲ್ಲ. ಅವಳ ತವರಿನ ಬಸ್ಸು ದೂರದಿಂದ ಕೈ ಬೀಸಿದರೂ ಸಾಕು, ಕಾಯುತ್ತಿತ್ತು. ಇಲ್ಲಿ ಯಾರಿಗೂ ಯಾರೂ ಕಾಯುವುದಿಲ್ಲ. ಬಂದರಿನಲ್ಲಿ ಹಡಗಿನ ಸರಕಿನ ಕಾಗದಪತ್ರ ನೋಡುವ ಕೆಲಸವೇನೋ ಸಿಕ್ಕಿತ್ತು, ಆದರೆ ಸೇರಿದ ದಿನದಿಂದ ದಿನವೂ ತಡ. “ನಾಳೆಯೂ ತಡವಾದರೆ ಬರಲೇಬೇಡಿ” ಎಂದು ಮ್ಯಾನೇಜರು ನಿನ್ನೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಅದಕ್ಕೇ ಇವತ್ತು ಅತ್ತೆ ಉಟ್ಟ ಸೀರೆಯಲ್ಲೇ ಜೊತೆಗೆ ಹೊರಟು ಬಂದಿದ್ದಳು. ಅರ್ಧ ಆಯಸ್ಸನ್ನು ಇದೇ ರೈಲಿನಲ್ಲಿ ಮೀನಿನ ಬುಟ್ಟಿ ಹೊತ್ತು ಕಳೆದವಳು ಆಕೆ. ತನ್ನ ಸೊಸೆಗೆ ರೈಲು ಹತ್ತಲು ಬರುವುದಿಲ್ಲ ಎಂಬುದನ್ನು ಅವಳಿಂದ ನಂಬಲೇ ಆಗುತ್ತಿರಲಿಲ್ಲ.

“ಇನ್ನೊಂದೇ ರೈಲು ಇರೋದು. ಅದೂ ತಪ್ಪಿದ್ರೆ ಕೆಲಸ ಹೋಯ್ತು ಅಂತಲೇ ತಿಳ್ಕೋ.”

ರೈಲು ಬಂತು. ನರ್ಸುಗಳು, ಗುಮಾಸ್ತರು, ಹೋಟೆಲಿನ ಅಡುಗೆಯವರು, ಖಾಲಿ ಬುಟ್ಟಿ ಹಿಡಿದ ಮೀನಿನವರು, ಎಲ್ಲರೂ ಒಟ್ಟಿಗೇ ಬಾಗಿಲಿಗೆ ಮುಗಿಬಿದ್ದರು. ಅತ್ತೆ ಅಷ್ಟೂ ಜನರನ್ನು ಸರಿಸಿ ಬಾಗಿಲ ಮುಂದೆ ಜಾಗ ಮಾಡಿದಳು. ತಿರುಗಿ ನಿಂತು, “ನುಗ್ಗೇ! ಏನು ಪಿಳಿಪಿಳಿ ನೋಡ್ತಿದೀಯ, ನುಗ್ಗು!” ಎಂದು ಕೂಗತೊಡಗಿದಳು. ಕೂಗುವ ಭರದಲ್ಲಿ ಬಾಗಿಲಿಗೆ ತಾನೇ ಅಡ್ಡ ನಿಂತಿರುವುದು ಆಕೆಗೆ ಗೊತ್ತಾಗಲಿಲ್ಲ. ಗಾರ್ಡು ಸೀಟಿ ಊದಿದ.

“ತಪ್ಪು ತಿಳ್ಕೋಬೇಡಿ ಅತ್ತೆ,” ಎಂದಳು ಸೊಸೆ. ಎರಡೂ ಕೈಯಲ್ಲಿ ಅತ್ತೆಯನ್ನು ಒಳಕ್ಕೆ ನೂಕಿ, ಹಿಂದೆಯೇ ತಾನೂ ನುಗ್ಗಿದಳು. ಆ ರಭಸಕ್ಕೆ ಒಳಗಿದ್ದ ದಪ್ಪ ಗುಮಾಸ್ತನೂ ಎರಡು ಹೆಜ್ಜೆ ಹಿಂದೆ ಸರಿದ.

ರೈಲು ವೇಗ ಹಿಡಿಯಿತು. ಬಾಗಿಲಾಚೆ ಸಮುದ್ರ, ಸಾಲಾಗಿ ನಿಂತ ಹಡಗುಗಳು, ಬೆಳಗಿನ ಬಿಸಿಲಿಗೆ ಹೊಳೆಯುವ ಕ್ರೇನುಗಳು ಕಂಡವು. ಇವತ್ತು ಮ್ಯಾನೇಜರಿಗಿಂತ ಮೊದಲೇ ತಲುಪುತ್ತಾಳೆ. ಸೊಸೆಗೆ ಕುಣಿಯುವಷ್ಟು ಖುಷಿ. ಕುಣಿಯಲು ಜಾಗವಿರಲಿಲ್ಲ, ಅಷ್ಟೆ.

ಅಷ್ಟರಲ್ಲಿ ಅತ್ತೆಯ ಫೋನು ಹೊಡೆದುಕೊಂಡಿತು. ರಾತ್ರಿ ಪಾಳಿ ಮುಗಿಸಿ ಮನೆಗೆ ಬಂದ ಮಗ ಬೀಗ ನೋಡಿ ಗಾಬರಿಯಾಗಿದ್ದ.

“ಅಮ್ಮಾ, ಎಲ್ಲಿದೀಯ?”

“ರೈಲಲ್ಲಿ ಕಣೋ! ನಿನ್ನ ಹೆಂಡತಿ ತಳ್ಳಿಬಿಟ್ಲು.”

“ಏನು! ನಿನ್ನನ್ನ ತಳ್ಳಿದ್ಲಾ?”

ಅತ್ತೆ ಬೋಗಿಯಲ್ಲಿದ್ದವರಿಗೆಲ್ಲ ಕೇಳುವಂತೆ ದನಿ ಏರಿಸಿದಳು:

“ಹೂಂ ಕಣೋ! ಊರಿನ ಸೊಸೆಯರೆಲ್ಲ ಅತ್ತೇನ ಹೊರಗೆ ತಳ್ತಾರೆ. ನನ್ನ ಸೊಸೆ ಒಳಗೆ ತಳ್ಳಿದ್ಲು!”