ಹಿಟ್ಟು ತನ್ನಿ

ಪರಿಹಾರದ ಲಾರಿ ಪೇಟೆಬೀದಿಗೆ ತಿರುಗುತ್ತಿದ್ದ ಹಾಗೇ ಬೇಕರಿಯ ಹೆಂಗಸು ಬಂದು ಅದರ ಮೂತಿಗೆ ಎದುರಾಗಿ ನಿಂತಳು. ಡ್ರೈವರ್ ಹಾರ್ನ್ ಹೊಡೆದ. ಅವಳು ಜಗ್ಗಲಿಲ್ಲ. ಮೈದಾ ಮೆತ್ತಿದ ಕೈಗಳನ್ನು ಸೊಂಟದ ಮೇಲಿಟ್ಟುಕೊಂಡಳು.

ಲಾರಿಯಲ್ಲಿದ್ದದ್ದು ದೂರದ ಊರಿನ ಬ್ರೆಡ್ಡು. ಭೂಕಂಪವಾದಾಗಿನಿಂದ ಲಾರಿ ದಿನಾ ಬೆಳಿಗ್ಗೆ ಬಂದು ಅದನ್ನು ಪುಕ್ಕಟೆ ಹಂಚಿ ಹೋಗುತ್ತಿತ್ತು. ಅವಳ ಬೇಕರಿಯ ಮುಂಭಾಗ ಕುಸಿದಿತ್ತು. ಹಿತ್ತಲ ಇಟ್ಟಿಗೆ ಒಲೆ ಮಾತ್ರ ಹೇಗೋ ಉಳಿದಿತ್ತು. ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡ ಗಂಡ ಒಂದೇ ಕೈಯಲ್ಲಿ ಹಿಟ್ಟು ನಾದಿದ್ದ. ನಿನ್ನೆ ಮೊದಲ ಸಲ ಒಲೆ ಹೊತ್ತಿಸಿ ಬೇಯಿಸಿದ ಬ್ರೆಡ್ಡನ್ನು ಮೂಸಿ ನೋಡುವವರೂ ಇರಲಿಲ್ಲ.

"ದಾರಿ ಬಿಡಿ ಅಮ್ಮಾ," ಎನ್ನುತ್ತಾ ಲಾರಿಯ ಮೇಲ್ವಿಚಾರಕ ಕೆಳಗಿಳಿದ. "ಜನ ಹಸಿದಿದ್ದಾರೆ."

"ಗೊತ್ತು ಸರ್. ನೀವು ಬರದೇ ಇದ್ದಿದ್ರೆ ನಮ್ಮ ಗತಿ ಏನಾಗ್ತಿತ್ತೋ. ಅದಕ್ಕೆ ಕೈ ಮುಗೀತೀನಿ. ಆದರೆ ಈಗ ನನ್ನ ಒಲೆ ಹೊತ್ತಿದೆ. ಇನ್ಮೇಲೆ ಬ್ರೆಡ್ ತರಬೇಡಿ, ಹಿಟ್ಟು ತನ್ನಿ. ಕೂಲಿ ಕೊಡಿ, ನಾನು ಬೇಯಿಸ್ತೀನಿ. ಹಂಚೋದು ನೀವೇ ಹಂಚಿ."

"ಅದನ್ನೆಲ್ಲ ತೀರ್ಮಾನ ಮಾಡೋಕೆ ನಾನ್ಯಾರಮ್ಮಾ?"

"ಮಾಡೋರ ಹತ್ರ ಹೇಳೋಕೆ ನಿಮಗೆ ಬಾಯಿ ಇದೆಯಲ್ಲ?"

ಬ್ರೆಡ್ಡಿಗಾಗಿ ನಿಂತವರಲ್ಲಿ ಗುಜುಗುಜು ಎದ್ದಿತು. ಚಪ್ಪಲಿ ಅಂಗಡಿಯವನು ಸಾಲಿನಿಂದಲೇ ಕೂಗಿದ: "ನಿನ್ನ ವ್ಯಾಪಾರಕ್ಕೋಸ್ಕರ ನಮ್ಮ ಹೊಟ್ಟೆ ಮೇಲೆ ಹೊಡೀತೀಯೇನಮ್ಮಾ?"

ಆ ಮಾತು ಅವಳಿಗೆ ಚುರ್ ಎಂದು ತಾಗಿತು. "ಬಾರೇ, ಊರನ್ನೆಲ್ಲ ಎದುರು ಹಾಕ್ಕೋಬೇಡ," ಎಂದು ಗಂಡ ತೋಳು ಹಿಡಿದೆಳೆದ. ಅವಳು ಕೊಡವಿಕೊಂಡಳು.

"ಅಣ್ಣಾ, ನಾಳೆ ಇದೇ ಲಾರಿ ತುಂಬ ಪುಕ್ಕಟೆ ಚಪ್ಪಲಿ ಬಂತು ಅಂತಿಟ್ಕೋ. ಆಗ ನೀನು ಎಲ್ಲಿ ನಿಲ್ತೀಯ ಹೇಳು. ಆ ಸಾಲಲ್ಲೋ, ನನ್ನ ಪಕ್ಕದಲ್ಲೋ?"

ಅವನು ಇಟ್ಟಿಗೆ ರಾಶಿಯಡಿಯಿಂದ ಹೆಕ್ಕಿ, ಒರೆಸಿ, ಬಾಗಿಲಿಲ್ಲದ ಅಂಗಡಿಯ ಮುಂದೆ ಜೋಡಿಸಿಟ್ಟಿದ್ದ ತನ್ನ ಚಪ್ಪಲಿಗಳ ಕಡೆ ಒಮ್ಮೆ ನೋಡಿದ. ಆಮೇಲೆ ತಲೆ ಎತ್ತದೆ ಬಂದು ಅವಳ ಪಕ್ಕದಲ್ಲಿ ನಿಂತ. ಹಿಂದೆಯೇ ದರ್ಜಿ ಬಂದ. ಬೀಗ ರಿಪೇರಿಯವನೂ ಬಂದ.

"ತಂದದ್ದನ್ನ ಹಾಳು ಮಾಡಬೇಡಿ, ಇವತ್ತು ಹಂಚಿಬಿಡಿ," ಎಂದಳು ಅವಳು, ದಾರಿ ಬಿಡುತ್ತಾ. "ನಾನು ಕೇಳ್ತಿರೋದು ನಾಳೆಯದು."

ಮೇಲ್ವಿಚಾರಕ ಲಾರಿಯ ಮರೆಗೆ ಹೋಗಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದ. ಆಮೇಲೆ ಬ್ರೆಡ್ಡು ಹಂಚಿ ಮುಗಿಸಿ ಹೊರಟುಹೋದ.

ಮರುದಿನ ಲಾರಿಯಲ್ಲಿ ಅರ್ಧ ಬ್ರೆಡ್ಡಿತ್ತು, ಅರ್ಧ ಹಿಟ್ಟಿನ ಮೂಟೆಗಳಿದ್ದವು. "ಇಷ್ಟೇ ಆಗಿದ್ದು," ಎಂದ ಮೇಲ್ವಿಚಾರಕ.

"ಸದ್ಯಕ್ಕೆ ಇಷ್ಟೇ ಅನ್ನಿ," ಎಂದಳು ಅವಳು.

ಮೂಟೆ ಇಳಿಸುತ್ತಿದ್ದಾಗ ನೆಲ ಮತ್ತೆ ಗಡಗಡ ನಡುಗಿತು. ಎಲ್ಲರೂ ಗೋಡೆಗಳಿಂದ ದೂರ, ಬೀದಿಯ ನಡುವಿಗೆ ಓಡಿದರು. ಎಲ್ಲೋ ಗಾಜು ಒಡೆದ ಸದ್ದಾಯಿತು. ನಡುಕ ನಿಂತ ಮೇಲೆ ಗಂಡ ಏದುಸಿರು ಬಿಡುತ್ತಾ ಗೊಣಗಿದ: "ಇದಕ್ಕಿನ್ನೂ ಸಾಕಾಗಿಲ್ಲವಲ್ಲೇ!"

"ಅದಕ್ಕೆ ನಡುಗೋದು ಬಿಟ್ಟರೆ ಬೇರೆ ಕೆಲಸ ಇಲ್ಲ," ಎಂದು ಅವಳು ಮೂಟೆಯೊಂದನ್ನು ಹೆಗಲಿಗೇರಿಸಿಕೊಂಡಳು. "ನಮಗಿದೆ."