ಅನುಮಾನ ಪಟ್ಟವನೇ ಚಾಕು ಹಿಡಿಯಬೇಕು

ದರ್ಜಿಯ ಮೀನನ್ನು ಕೊಕ್ಕೆಗೆ ತೂಗುಹಾಕಿದಾಗ ತಕ್ಕಡಿಯ ಮುಳ್ಳು ನಾಲ್ಕು ಕಿಲೋ ದಾಟಿ ನಿಂತಿತು. ಉಸ್ತಾದ ಮೂಗಿನಲ್ಲೇ ನಕ್ಕ.

"ಮೋಸ," ಎಂದ. "ಅದರ ಹೊಟ್ಟೇಲಿ ಸೀಸ ಇದೆ."

ದಡದಲ್ಲಿ ನೆರೆದಿದ್ದವರೆಲ್ಲ ತಕ್ಕಡಿಯ ಸುತ್ತ ಒತ್ತಿ ನಿಂತರು. ಚಳಿಗಾಲ ಮುಗಿಯುತ್ತ ಬಂದಿದ್ದರೂ ಸಮುದ್ರದ ಗಾಳಿ ಇನ್ನೂ ಕಿವಿ ಕೊಯ್ಯುತ್ತಿತ್ತು. ಪ್ರತಿವರ್ಷ ಈ ಕೊರೆಯುವ ದಿನಗಳಲ್ಲೇ ಗಾಳದ ಪಂದ್ಯ. ಎಲ್ಲಕ್ಕಿಂತ ಹೆಚ್ಚು ತೂಗುವ ಮೀನು ತಂದವನಿಗೆ ದಡದ ತುದಿಯ ಚಪ್ಪಟೆ ಬಂಡೆ ವರ್ಷವಿಡೀ ಸ್ವಂತ. ಅಲ್ಲಿ ಬೇರೆಯವರು ಗಾಳ ಹಾಕುವಂತಿಲ್ಲ. ಬಹಳ ವರ್ಷಗಳಿಂದ ಅದು ಉಸ್ತಾದನದೇ. ಕಬ್ಬಿಣದ ಸಾಮಾನಿನ ಅಂಗಡಿ ಅವನ ಹೊಟ್ಟೆಪಾಡು, ಬಂಡೆ ಅವನ ಸಿಂಹಾಸನ. ಅದರ ಮೇಲೆ ನಿಂತರೆ ಉಳಿದವರೆಲ್ಲ ಅವನ ಕಣ್ಣಿಗೆ ಮರಳಿನ ಏಡಿಗಳು.

ಅದರಲ್ಲೂ ಈ ದರ್ಜಿ. ಹೊಲಿಗೆ ಯಂತ್ರದ ಮುಂದೆ ಕೂತು ಕೂತು ಗೂನಾದವನು. ಗಾಳ ಬೀಸಿದರೆ ಅವನ ಕಾಲ ಬುಡಕ್ಕೇ ಬೀಳುತ್ತಿತ್ತು. ಪಂದ್ಯಕ್ಕೆ ಬಂದದ್ದು ಇದೇ ಮೊದಲು. ಬೆಳಗ್ಗೆ ಉಸ್ತಾದ ಎಲ್ಲರಿಗೂ ಕೇಳುವಂತೆ, "ಏನಯ್ಯಾ, ಸಮುದ್ರಕ್ಕೆ ಗುಂಡಿ ಹೊಲಿಯೋಕೆ ಬಂದ್ಯಾ?" ಎಂದಿದ್ದ. ದರ್ಜಿ ಹಲ್ಲು ಕಿರಿದಿದ್ದ. ಅಂಥವನಿಗೆ ನಾಲ್ಕು ಕಿಲೋ ಮೀನು ಎಂದರೆ ನಂಬಲು ಉಸ್ತಾದನ ಕಿವಿಯಲ್ಲೇನೂ ಹೂವಿರಲಿಲ್ಲ.

ತನಗೆ ಸಮ ಎಂದು ಕಾಣುವವರು ಉಸ್ತಾದನಿಗೆ ಮನೆಯಲ್ಲೂ ಯಾರೂ ಇರಲಿಲ್ಲ. ಹೆಂಡತಿ ಹೆಣೆದುಕೊಟ್ಟ ನೀಲಿ ಸ್ವೆಟರಿನ ಒಂದು ತೋಳು ಉದ್ದ, ಇನ್ನೊಂದು ಗಿಡ್ಡ. "ನಿನ್ನ ಕೈಲಿ ನೆಟ್ಟಗಾಗೋ ಕೆಲಸ ಯಾವುದಿದೆ?" ಎಂದು ಮೂದಲಿಸುತ್ತಲೇ ಚಳಿಗೆ ಅದನ್ನೇ ತೊಟ್ಟು ಬಂದಿದ್ದ. ಮೇಲೊಂದು ಕೋಟು. ಬೆಳಗ್ಗೆ ಗಾಳದ ಸೀಸದಿಂದ ಜೋತುಬಿದ್ದಿದ್ದ ಕೋಟಿನ ಕಿಸೆ ಮಧ್ಯಾಹ್ನಕ್ಕೆ ಬರಿದಾಗಿತ್ತು. ನೂಲು ಬಂಡೆಗೆ ಸಿಕ್ಕಿ ಎಲ್ಲ ಕಳೆದುಹೋಯಿತು ಎಂದು ಅವಳ ಮುಂದೆ ಗೊಣಗಿದ್ದ.

ಹಿಡಿದ ಮೀನನ್ನು ಬಂಡೆಯ ಹಿಂದೆ ತಾನೇ ತೊಳೆದು ತಂದು ಅವಳ ಕೈಗೆ ಕೊಡುವುದು ಅವನ ರೂಢಿ. ಕಿವಿರಿಗೆ ದಾರ ಕಟ್ಟಿ, ಬುಟ್ಟಿಗೆ ಹಾಕಿ, ಒದ್ದೆ ಗೋಣಿ ಹೊದಿಸಿ, ಮಗುಚಿಟ್ಟ ದೋಣಿಯ ನೆರಳಲ್ಲಿ ಉಳಿದವರ ಬುಟ್ಟಿಗಳ ಸಾಲಿಗೆ ಇಡುವ ಚಾಕರಿ ಅವಳದು. ಅಂಥ ಚಿಲ್ಲರೆ ಕೆಲಸಗಳತ್ತ ಅವನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಇವತ್ತು ದರ್ಜಿಗಿಂತ ಮೊದಲು ಅವನಿಗೆ ತೂಕದ ಕರೆ ಬಂದಾಗ ಅವಳು ಬಗ್ಗುವಷ್ಟರಲ್ಲಿ ಉಸ್ತಾದನೇ ಬುಟ್ಟಿ ಎತ್ತಿಕೊಂಡು ಹೊರಟಿದ್ದ.

"ರೀ, ಸ್ವಲ್ಪ ನಿಲ್ಲಿ..."

"ಬಾಯ್ಮುಚ್ಕೊಂಡು ಬಾ. ಜನ ನೋಡ್ತಿದಾರೆ."

ಮಂಜುಗಡ್ಡೆ ಕಾರ್ಖಾನೆಯ ಮೇಸ್ತ್ರಿ ಪ್ರತಿವರ್ಷವೂ ತೂಕ ನೋಡುವವನು. ಒಪ್ಪವಾಗಿ ಗಂಟು ಹಾಕಿದ್ದ ಬಿಳಿ ನೂಲನ್ನು ಹಿಡಿದು ಮೀನನ್ನು ಕೊಕ್ಕೆಗೆ ಸಿಕ್ಕಿಸಿದ. ಮುಳ್ಳು ಮೂರರ ಹತ್ತಿರ ನಿಂತಿತು. ಉಸ್ತಾದನ ಹುಬ್ಬು ಗಂಟಿಕ್ಕಿತು, ಇನ್ನೂ ಬರಬೇಕಿತ್ತು. ಮೇಸ್ತ್ರಿಯ ತಕ್ಕಡಿಗೂ ಮೇಸ್ತ್ರಿಯಷ್ಟೇ ವಯಸ್ಸಾಗಿದೆ ಎಂದುಕೊಂಡ. ಆದರೂ ಆ ತನಕ ಅದೇ ಹೆಚ್ಚು. ಮೀನಿಗೆ ಬೆನ್ನು ಹಾಕಿ ಜನರತ್ತ ಕೈ ಬೀಸಿದ.

ಕೊನೆಗೆ ಬಂದವನೇ ದರ್ಜಿ. ಬುಟ್ಟಿ ಇಳಿಸುತ್ತ, "ಬೆಳಗ್ಗೆ ಇಷ್ಟು ಭಾರ ಇರ್ಲಿಲ್ಲ," ಎಂದು ತನ್ನಷ್ಟಕ್ಕೇ ಅಂದುಕೊಂಡಿದ್ದ. ಉಸ್ತಾದನ ಕಿವಿಗೆ ಅಷ್ಟೇ ಸಾಕಾಯಿತು.

"ಕೇಳಿದ್ರಲ್ಲ? ಕುಂಬಳಕಾಯಿ ಕಳ್ಳ ಅನ್ನೋಕೆ ಮುಂಚೇನೇ ಹೆಗಲು ಮುಟ್ಕೊಂಡ."

ಮೇಸ್ತ್ರಿ ಸೊಂಟದ ಚಾಕು ತೆಗೆದು ಮುಂದೆ ಚಾಚಿದ. "ಪದ್ಧತಿ ಗೊತ್ತಲ್ಲ ಉಸ್ತಾದ್ರೇ. ಅನುಮಾನ ಪಟ್ಟವನೇ ಚಾಕು ಹಿಡೀಬೇಕು. ಏನೂ ಸಿಗದಿದ್ರೆ ನೀವು ದಡ ಬಿಡ್ಬೇಕು."

"ಸಿಕ್ರೆ ಮೀನಿನ ಯಜಮಾನ ಬಿಡ್ಬೇಕು. ಬದುಕಿರೋ ತನಕ ಈ ಮರಳಿಗೆ ಕಾಲಿಡಬಾರ್ದು. ಗೊತ್ತಿದೆ, ಕೊಡಿ ಇಲ್ಲಿ."

ಇಷ್ಟು ವರ್ಷಗಳಲ್ಲಿ ಉಸ್ತಾದನ ಮೀನಿಗೆ ಚಾಕು ತೋರಿಸುವ ಎದೆಗಾರಿಕೆ ಒಬ್ಬರಿಗೂ ಬಂದಿರಲಿಲ್ಲ. ಅವನಿಗೆ ಅಂಥ ಅಳುಕೇನೂ ಇರಲಿಲ್ಲ. ಸೀಸ ತುಂಬಿದ ಮೀನು ಕೊಕ್ಕೆಯಲ್ಲಿ ಹೇಗೆ ಜೋಲುತ್ತದೆ ಎಂಬುದು ಆ ದಡದಲ್ಲಿ ಅವನಿಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿದಿರಲಿಲ್ಲ.

"ರೀ," ಎಂದಳು ಹೆಂಡತಿ, ಹಿಂದಿನಿಂದ. "ಬೇಡ ರೀ. ನನ್ನ ಮಾತು ಒಂದು ಸಲ..."

"ಗಂಡಸರ ಮಧ್ಯೆ ನಿಂದೇನೇ?"

ಮೀನನ್ನು ಹಲಗೆಯ ಮೇಲೆ ಅಂಗಾತ ಹಾಕಿದ. ಕಿವಿರಿನಿಂದ ಇಳಿಬಿದ್ದಿದ್ದ ನೀಲಿ ದಾರ ಚಾಕುವಿಗೆ ಅಡ್ಡ ಬಂತು; ಹೆಬ್ಬೆರಳಲ್ಲಿ ಪಕ್ಕಕ್ಕೆ ತಳ್ಳಿದ. ಹುಡುಕದೆ, ತಡವರಿಸದೆ, ಒಂದೇ ಸಲಕ್ಕೆ ಸರಿಯಾದ ಜಾಗ ಸೀಳಿದ. ಸೀಸದ ಗುಂಡುಗಳು ಟಪಟಪನೆ ಹಲಗೆಯ ಮೇಲೆ ಉದುರಿದವು.

ದರ್ಜಿಯ ಮುಖ ಬಿಳಿಚಿತು. "ದೇವರಾಣೆ ನಾನು ಹಾಕಿಲ್ಲ ಅಣ್ಣಾ."

"ಮತ್ತೆ ಮೀನೇ ನಮ್ಮಂಗಡಿಗೆ ಬಂದು ಕೊಂಡ್ಕೊಂಡು ತಿಂತಾ?"

ಜನ ಹೋ ಎಂದು ನಕ್ಕರು. ದರ್ಜಿ ತನ್ನ ಗಾಳದ ಕೋಲನ್ನು ಮಡಚತೊಡಗಿದ. ಆ ಗೂನುಬೆನ್ನು ನೋಡಿ ಉಸ್ತಾದನಿಗೆ ಹೊಟ್ಟೆ ತುಂಬಿದಷ್ಟು ಸುಖವಾಯಿತು.

"ಮೇಸ್ತ್ರಿಗಳೇ, ಎಲ್ಲರ ಮುಂದೆ ಗಟ್ಟಿಯಾಗಿ ಹೇಳ್ಬಿಡಿ," ಎಂದ. "ಈ ಮೀನು ಯಾರದೋ, ಅವನು ಇವತ್ತಿಂದ ಈ ದಡಕ್ಕೆ ಬರೋ ಹಾಗಿಲ್ಲ."

ಮೇಸ್ತ್ರಿ ಗಟ್ಟಿಯಾಗಿ ಹೇಳಿದ. ಎಲ್ಲರೂ ತಲೆಯಾಡಿಸಿದರು.

ಆಗ ಹೆಂಡತಿ ಯಾರ ಅಪ್ಪಣೆಗೂ ಕಾಯದೆ ಮುಂದೆ ಬಂದಳು. ಮೀನಿನ ಕಿವಿರಿನಿಂದ ನೀಲಿ ಉಣ್ಣೆಯ ದಾರವನ್ನು ಬಿಚ್ಚಿ, ಎಲ್ಲರಿಗೂ ಕಾಣುವಂತೆ ಗಂಡನ ಸ್ವೆಟರಿನ ಉದ್ದ ತೋಳಿನ ಮೇಲೆ ಇಟ್ಟಳು.

"ಆಗ್ಲಿಂದ ಇದನ್ನೇ ಹೇಳೋಕೆ ಬರ್ತಿದ್ದೆ ರೀ," ಎಂದಳು. "ನೀವು ಎತ್ಕೊಂಡು ಹೋಗಿದ್ದು ಅವರ ಬುಟ್ಟಿ. ಇದು ನಮ್ಮ ಮೀನು."